ಒಂದು ಎಲೆಯನ್ನು ಹುಳು ತಿಂದರೆ ಗಿಡದ ಬೇರೆ ಎಲೆಗಳಿಗೆ ಗೊತ್ತಾಗುತ್ತದೆಯೇ?

ಹೌದು, ಗೊತ್ತಾಗುತ್ತದೆ. ಅದೂ ಕೆಲವೇ ನಿಮಿಷಗಳಲ್ಲಿ.

ಹುಳು ಕಚ್ಚಿದ ಜಾಗದಲ್ಲಿ ಜೀವಕೋಶಗಳು ಒಡೆದು ಗ್ಲುಟಮೇಟ್ ಎಂಬ ಪದಾರ್ಥ ಹೊರಬರುತ್ತದೆ. ನಮ್ಮ ಮಿದುಳಿನ ನರಕೋಶಗಳು ಸುದ್ದಿ ದಾಟಿಸಲು ಬಳಸುವುದೂ ಇದನ್ನೇ, ಆಶ್ಚರ್ಯ ಅಲ್ವಾ? ಅದು ತಾಗಿದ ಪಕ್ಕದ ಕೋಶಗಳ ಒಳಗೆ ಕ್ಯಾಲ್ಸಿಯಂ ಏರುತ್ತದೆ. ಈ ಏರಿಕೆ ನಾಳಗಳ ಜಾಡು ಹಿಡಿದು ದೂರದ ಎಲೆಗಳವರೆಗೂ ಹೋಗುತ್ತದೆ.

2018ರಲ್ಲಿ ವಿಜ್ಞಾನಿಗಳು ಇದನ್ನು ಕಣ್ಣಿಗೇ ಕಾಣಿಸಿದರು. ಸಾಸಿವೆಯ ಕುಟುಂಬಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡವನ್ನು ತೆಗೆದುಕೊಂಡು, ಕ್ಯಾಲ್ಸಿಯಂ ಹೆಚ್ಚಾದ ಕಡೆ ಜಾಸ್ತಿ ಹೊಳೆಯುವ ಪ್ರೋಟೀನ್ ಅದರಲ್ಲಿ ಇರುವಂತೆ ಮಾಡಿದ್ದರು. ಹುಳು ಎಲೆ ಕಡಿದದ್ದೇ ತಡ, ಗಾಯದಿಂದ ಹೊಳಪು ಹೊರಟು ನಾಳದುದ್ದಕ್ಕೂ ಹರಿದು ಬೇರೆ ಎಲೆಗಳಿಗೂ ಹಬ್ಬಿತು. ಆ ವಿಡಿಯೊ ಸಿಕ್ಕರೆ ಖಂಡಿತ ನೋಡಿ.

ಸುದ್ದಿ ಮುಟ್ಟಿದ ಎಲೆ ಸುಮ್ನೆ ಕೂರುವುದಿಲ್ಲ. ಜಾಸ್ಮೋನಿಕ್ ಆಮ್ಲ ಎಂಬ ಹಾರ್ಮೋನ್ ತಯಾರಾಗುತ್ತದೆ. ಅದರ ಪ್ರಭಾವದಿಂದ, ಹುಳುವಿಗೆ ತಿಂದದ್ದು ಸರಿಯಾಗಿ ಜೀರ್ಣವಾಗದಂತೆ ಮಾಡುವ ಪದಾರ್ಥಗಳನ್ನು ಎಲೆ ಕೂಡಿಸಿಕೊಳ್ಳುತ್ತದೆ.

ಇದನ್ನು ಕೇಳಿ ಗಿಡಕ್ಕೂ ನಮ್ಮಂತೆ ನೋವಾಗುತ್ತದೆ ಎಂದುಕೊಳ್ಳಬೇಡಿ. ಅದಕ್ಕೆ ನರವೂ ಇಲ್ಲ, ಮಿದುಳೂ ಇಲ್ಲ. ಆದರೂ ಅದರ ಕೈಲಾಗುವುದು ಕಡಿಮೆಯೇನಲ್ಲ: ಮೆಕ್ಕೆಜೋಳದಂಥ ಗಿಡಗಳು ಹುಳು ತಿನ್ನುವಾಗ ಒಂದು ಬಗೆಯ ವಾಸನೆ ಬಿಡುತ್ತವೆ. ಅದರ ಜಾಡು ಹಿಡಿದು ಪುಟ್ಟ ಕಣಜಗಳು ಬಂದು ಹುಳುವಿನ ಮೈಯೊಳಗೇ ಮೊಟ್ಟೆ ಇಡುತ್ತವೆ.