ಪಾಲಿಮರ್ ಫ್ರೇಮಿನ ಹಗುರ ರಿವಾಲ್ವರ್ ನಂಬಬಹುದಾ? ಯಾವ ಕ್ಯಾಲಿಬರ್ (ತೋಟೆಯ ಅಳತೆ) ಒಳ್ಳೆಯದು?

ನಾನು ಕಾಸರಗೋಡಿನ ಪೆರ್ಲ ಕಡೆಯ ಅಡಿಕೆ ಕೃಷಿಕ. ಮನೆಯಲ್ಲಿರುವುದು ಅಪ್ಪನ ಕಾಲದ ತೋಟೆ ಕೋವಿ, ರಿವಾಲ್ವರ್ ಅಲ್ಲ. ಆದರೆ ಟೆಕ್ಸಾಸ್‌ನಲ್ಲಿರುವ ಭಾವ ಒಂದು ಮಧ್ಯಾಹ್ನ ಗುಂಡು ಹೊಡೆಯುವ ರೇಂಜಿಗೆ ಕರೆದುಕೊಂಡು ಹೋಗಿ ರೂಗರ್ ಎಲ್‌ಸಿಆರ್ ಎಂಬ ಪಾಲಿಮರ್ ಫ್ರೇಮಿನ ರಿವಾಲ್ವರಿನ ಬೇರೆ ಬೇರೆ ಮಾದರಿ ಕೈಗೆ ಕೊಟ್ಟಿದ್ದರು. ಆ ಅನುಭವದ ಮೇಲೆ ಹೇಳುತ್ತೇನೆ.

ಪ್ಲಾಸ್ಟಿಕ್ ಅಂತ ಹೆದರಬೇಡಿ. 2009ರಲ್ಲಿ ಬಂದ ಈ ರಿವಾಲ್ವರಿನಲ್ಲಿ ಪಾಲಿಮರ್ ಇರುವುದು ಕೆಳಗಡೆ, ಟ್ರಿಗರ್ ಕೂರುವ ಗೂಡಿಗೆ ಮಾತ್ರ. ಸಿಲಿಂಡರ್ ಉಕ್ಕಿನದು, ನಳಿಗೆಯ ಒಳಭಾಗವೂ ಉಕ್ಕೇ. ಮದ್ದಿನ ಒತ್ತಡ ತಡೆಯುವುದು ಲೋಹ.

ತಾಪತ್ರಯ ತೂಕದ್ದು. .38 ಸ್ಪೆಷಲ್ ಮಾದರಿ ಸುಮಾರು 380 ಗ್ರಾಂ. ಜೇಬಿನಲ್ಲಿ ಇದ್ದದ್ದೇ ಗೊತ್ತಾಗುವುದಿಲ್ಲ, ಹೊಡೆದಾಗ ಚೆನ್ನಾಗಿ ಗೊತ್ತಾಗುತ್ತದೆ! ನಮ್ಮ ಕೋವಿ ಒದ್ದರೆ ಹೆಗಲು ತಡೆದುಕೊಳ್ಳುತ್ತದೆ. ಇದು ಒದೆಯುವುದು ಹೆಬ್ಬೆರಳಿನ ಸಂದಿಗೆ. .38 ಪರವಾಗಿಲ್ಲ. .357 ಮ್ಯಾಗ್ನಮ್‌ಗೆ ಕಂಪನಿಯವರೇ ಮೇಲಿನ ಫ್ರೇಮನ್ನು ಸ್ಟೀಲಿನಲ್ಲಿ ಮಾಡಿ ತೂಕ 485 ಗ್ರಾಂಗೆ ಏರಿಸಿದ್ದಾರೆ, ಆದರೂ ಸಾಲದು. ಭಾವ ಐದು ತೋಟೆ ತುಂಬಿ ಕೊಟ್ಟರು. ಎರಡು ಹೊಡೆದು ಮೆಲ್ಲನೆ ಕೆಳಗಿಟ್ಟೆ. ಮರುದಿನ ಕಾಫಿ ಲೋಟ ಎಡಗೈಯಲ್ಲಿ! ಅಷ್ಟು ಗಿಡ್ಡ ನಳಿಗೆಯಲ್ಲಿ ಮದ್ದು ಪೂರ್ತಿ ಕೆಲಸಕ್ಕೂ ಬರುವುದಿಲ್ಲ, ಸುಮ್ನೆ ಬೆಂಕಿ, ಸದ್ದು ಜಾಸ್ತಿ. ಇನ್ನೊಂದು ಅಪಾಯವಿದೆ. ಹಗುರ ಗನ್ ಜೋರಾಗಿ ಒದ್ದಾಗ ಹೊಡೆಯದೆ ಉಳಿದ ತೋಟೆಗಳ ಗುಂಡು ಮುಂದಕ್ಕೆ ಜಾರಿ ಸಿಲಿಂಡರ್ ತಿರುಗದೆ ನಿಲ್ಲಬಹುದು.

.22 ಹೊಡೆಯಲು ಸುಖ, ತೋಟೆಯೂ ಅಗ್ಗ. ಆದರೆ ಅದು ರಿಮ್‌ಫೈರ್, ಅಂದರೆ ಬುಡದ ಅಂಚಿಗೆ ಬಡಿದರೆ ಸಿಡಿಯುವ ತೋಟೆ, ಆಗಾಗ ಠುಸ್ ಅನ್ನುತ್ತದೆ, ಜೀವ ಉಳಿಸುವ ಕೆಲಸಕ್ಕೆ ನಾನಂತೂ ಅದನ್ನು ನಂಬುವುದಿಲ್ಲ.

ನನಗೆ ಹಿಡಿಸಿದ್ದು .327 ಫೆಡರಲ್ ಮಾದರಿ. ಐದರ ಬದಲು ಆರು ತೋಟೆ. ಅದಕ್ಕಿಂತ ಮುಖ್ಯ, ಅದರಲ್ಲಿ ಹಳೆಯ .32 ಲಾಂಗ್ ತೋಟೆಯೂ ಹೊಡೆಯಬಹುದು. ಒದೆತ ಇಲ್ಲವೆನ್ನುವಷ್ಟು ಕಡಿಮೆ. ನಾನು ಆವತ್ತು ಗುರಿಯ ಹತ್ತಿರ ಹೋದದ್ದು ಅದರಲ್ಲೇ.

ನೀವು ಇಲ್ಲೇ ಕೊಳ್ಳುವವರಾದರೆ ಈ ಲೆಕ್ಕವೆಲ್ಲ ಬೇಕಿಲ್ಲ. 9 ಎಂಎಂ ಕ್ಯಾಲಿಬರ್ ನಮ್ಮಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯ ಲೈಸೆನ್ಸಿಗೆ ಸಿಗದ ಅಳತೆ. ಸಾಮಾನ್ಯ ಲೈಸೆನ್ಸಿಗೆ ಹೆಚ್ಚಾಗಿ ಸಿಗುವುದು ಅದೇ .32. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ತಂದ ನಿರ್ಭೀಕ್ ರಿವಾಲ್ವರ್ ಸುಮಾರು ಅರ್ಧ ಕಿಲೋ, ಪಾಲಿಮರ್ ಅಲ್ಲ, ಟೈಟಾನಿಯಂ ಮಿಶ್ರಲೋಹ. ಬಂದಾಗ ಬೆಲೆ ಲಕ್ಷದ ಮೇಲಿತ್ತು.

ತೋಟಕ್ಕೆ ಬರುವ ಹಂದಿಗೆ ಅಂತ ಕೇಳಿದ್ದಾದರೆ ಇದ್ಯಾವುದೂ ಬೇಡ. ಕೋವಿಯೇ ಸರಿ, ಹೊಡೆಯುವುದಕ್ಕೂ ಪರವಾನಗಿ ಬೇಕು. ಆದರೆ ಎಲೆಕ್ಷನ್ ಬಂದಾಗ ಸಾಮಾನ್ಯವಾಗಿ ಅದನ್ನು ಸ್ಟೇಷನ್ನಿಗೆ ಒಪ್ಪಿಸಬೇಕಾಗುತ್ತದೆ. ಹೋದ ಸಲ ವಾಪಸು ಬಂದಾಗ ನಳಿಗೆಯಲ್ಲಿ ತುಕ್ಕು ಹಿಡಿದಿತ್ತು, ಉಜ್ಜಿ ತೆಗೆಯಲು ಒಂದು ಭಾನುವಾರ ಹೋಯಿತು.