ಬಣ್ಣದ ಸಿಪ್ಪೆ ತಿರುಗಿಸಿ ನೋಡಿ

ಮಳೆ ನಿಂತಿತು ಅಂದರೆ ನನಗೆ ಬಣ್ಣದ ಪ್ರಶ್ನೆಗಳು ಶುರು. ದೀಪಾವಳಿಗೆ ಮನೆ ಹೊಳೆಯಬೇಕು ಅಲ್ವಾ. ಈ ಸಲ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಿಂದ ಬಂದ ಐದು ಪತ್ರ ಆರಿಸಿಕೊಂಡಿದ್ದೇನೆ. ಮೊದಲ ಪತ್ರದ ಉತ್ತರವೇ ಅರ್ಧ ಪುಟ ತಿಂದಿದೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ, ಅದರಲ್ಲಿ ನಿಮ್ಮ ಉತ್ತರವೂ ಸ್ವಲ್ಪ ಇದೆ.

ಸರ್, ಸೇಡಂ ರಸ್ತೆ ಕಡೆ ಮನೆ ಕಟ್ಟಿಸಿ ಮೂರು ವರ್ಷ ಆಯ್ತು. ಹೊರಗೆ ದುಬಾರಿ ಎಮಲ್ಷನ್ ಹಚ್ಚಿಸಿದ್ದೆವು, 7 ವರ್ಷ ವಾರಂಟಿ ಇದೆ ಅಂದಿದ್ದರು. ಎರಡನೇ ಮಳೆಗಾಲಕ್ಕೇ ಪಶ್ಚಿಮದ ಗೋಡೆಯಲ್ಲಿ ನೆಲದಿಂದ ಎರಡು ಮೂರು ಅಡಿವರೆಗೆ ಉಬ್ಬಿ ಸಿಪ್ಪೆ ಏಳುತ್ತಿದೆ. ಪೇಂಟರ್ ಕಂಪನಿ ಬದಲಿಸಿ ಅನ್ನುತ್ತಾರೆ. ಯಾವ ಕಂಪನಿಯದು ತಗೊಳ್ಳಲಿ? ಒಂದು ಸಿಪ್ಪೆ ಕವರಿನಲ್ಲಿ ಹಾಕಿ ಕಳಿಸಿದ್ದೇನೆ ನೋಡ್ರಿ.
– ಒಬ್ಬ ಓದುಗರು, ಕಲಬುರಗಿ

ಸಿಪ್ಪೆ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಫೋಟೊ ಕಳಿಸಿದ್ದರೆ ನಾನೂ ಸುಮ್ನೆ ಊಹೆ ಮಾಡುತ್ತಿದ್ದೆ.

ಅಂಗೈ ಅಗಲದ ಸಿಪ್ಪೆ. ಮುಂಬದಿ ಕೆನೆ ಬಣ್ಣ, ಇನ್ನೂ ಹೊಳಪಿದೆ. ಬಣ್ಣದ ಪದರ ಬಿಡಿಸಿ ಬಗ್ಗಿಸಿದರೆ ಮುರಿಯದೆ ಬಾಗುತ್ತದೆ. ಬಣ್ಣ ಚೆನ್ನಾಗಿಯೇ ಇದೆ ಅಂತಾಯಿತು. ಹಿಂಬದಿ ತಿರುಗಿಸಿದೆ. ಗೋಡೆ ನಯ ಮಾಡಲು ಬಣ್ಣದ ಕೆಳಗೆ ಬಳಿಯುವ ಬಿಳಿ ಪುಟ್ಟಿ, ಪುಟ್ಟಿಗೆ ಅಂಟಿದ ಮರಳಿನ ಕಣಗಳು, ಅವುಗಳ ನಡುವೆ ಹತ್ತಿಯಂಥ ಬಿಳಿ ನವಿರು. ಅದರ ಮೇಲೆ ಒಂದು ಹನಿ ನೀರು ಬಿಟ್ಟೆ, ಕರಗಿಹೋಯಿತು. ಪುಟ್ಟಿಯ ಪುಡಿ ಹಾಗೆ ಕರಗೋದಿಲ್ಲ. ಅದು ಉಪ್ಪು.

ಹಿಂಬದಿಯಲ್ಲಿ ಮರಳು ಇದೆ ಅಂದರೆ ಬಣ್ಣ ಗೋಡೆಯನ್ನು ಬಿಟ್ಟದ್ದಲ್ಲ, ಗೋಡೆಯ ಗಿಲಾವೇ, ಅಂದರೆ ಸಿಮೆಂಟ್ ಪ್ಲಾಸ್ಟರೇ, ಬಣ್ಣದ ಜೊತೆ ಎದ್ದು ಬಂದಿದೆ. ಹಿಂದೆ ಬರೀ ಪುಟ್ಟಿ ಇದ್ದು ಅದು ಮೆತ್ತಗಾಗಿದ್ದರೆ, ಮನೆ ಒಳಗೆ ಹಚ್ಚುವ ಪುಟ್ಟಿಯನ್ನು ಹೊರಗೆ ಹಚ್ಚಿದ್ದಾರಾ ಅಂತ ಕೇಳುತ್ತಿದ್ದೆ. ಹಿಂದೆ ಧೂಳು ಮಾತ್ರ ಇದ್ದರೆ, ಗೋಡೆ ತಿಕ್ಕದೆ ಪ್ರೈಮರ್ ಹೊಡೆದಿದ್ದಾರೆ ಅನ್ನುತ್ತಿದ್ದೆ. ನಿಮ್ಮದು ಎರಡೂ ಅಲ್ಲ. ಕಂಪನಿ ಬದಲಿಸಿದರೆ ಎರಡು ವರ್ಷಕ್ಕೆ ಇನ್ನೊಂದು ಕಂಪನಿಯ ಸಿಪ್ಪೆ ಕಳಿಸುತ್ತೀರಿ, ಅಷ್ಟೇ.

ಉಪ್ಪು ಎಲ್ಲಿಂದ ಬಂತು? ನಮ್ಮ ಕಡೆ ಎಷ್ಟೋ ಬೋರ್‌ವೆಲ್ ನೀರು ಸವಳು. ಅದೇ ನೀರಲ್ಲಿ ಗಿಲಾವ್ ಕಲಸುತ್ತೇವೆ. ಇಟ್ಟಿಗೆಯಲ್ಲೂ ಉಪ್ಪು ಇರುತ್ತದೆ, ನೆಲದಲ್ಲೂ ಇರುತ್ತದೆ. ಗೋಡೆ ಒಣಗಿದ್ದರೆ ಅದು ಇದ್ದಲ್ಲೇ ಇರುತ್ತದೆ. ತೇವ ಸಿಕ್ಕರೆ ಕರಗಿ ಹೊರಗೆ ಬರುತ್ತದೆ, ನೀರು ಆರಿದ ಮೇಲೆ ಮತ್ತೆ ಹರಳು ಕಟ್ಟುತ್ತದೆ. ಹರಳು ಬೆಳೆಯುವಾಗ ಗಿಲಾವಿನ ಮೇಲಿನ ಪದರವನ್ನೇ ಒಡೆದು ನೂಕುತ್ತದೆ. ಗಿಲಾವ್ ಬೇಸಿಗೆಯಲ್ಲಿ ಆಗಿ, ಸರಿಯಾಗಿ ನೀರು ಉಣಿಸಿರದಿದ್ದರೆ ಮುಗಿದೇ ಹೋಯಿತು. ಉಗುರಿನಿಂದ ಕೆರೆದರೂ ಉದುರುವಂಥ ಗಿಲಾವಿನ ಮೇಲೆ ಎಂಥ ಬಣ್ಣ ನಿಲ್ಲುತ್ತದೆ ಹೇಳಿ.

ಹಾಗಾಗಿ ಮೊದಲು ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಆ ಗೋಡೆಯ ಒಳಬದಿ ಬಚ್ಚಲುಮನೆ ಇದೆಯಾ? ಗೋಡೆಗೆ ತಾಗಿಸಿ ಹೂವಿನ ಗಿಡಕ್ಕೆ ಮಣ್ಣು ಏರಿಸಿದ್ದೀರಾ? ಇದು ಬಹಳ ಮನೆಗಳಲ್ಲಿ ನೋಡುತ್ತೇನೆ. ಪ್ಲಿಂತ್ (ಪಾಯದ ಮೇಲಿನ ಕಟ್ಟೆ) ಮೇಲೆ ತೇವ ತಡೆಯಲು ಹಾಕುವ ಡಿಪಿಸಿ ಪದರಕ್ಕಿಂತ ಮಣ್ಣು ಎತ್ತರ ಆಯಿತೆಂದರೆ ಆ ಪದರ ಇದ್ದೂ ಇಲ್ಲದ ಹಾಗೆ. ಟ್ಯಾಂಕ್ ತುಂಬಿ ಹರಿಯುವ ಪೈಪು ಅದೇ ಗೋಡೆ ಮೇಲೆ ಸುರಿಯುತ್ತಿದೆಯಾ ಅಂತಲೂ ನೋಡಿ.

ನೀರು ನಿಂತ ಮೇಲೆ ಕೆಲಸ ಹೀಗೆ. ಬಿಳಿ ಉಪ್ಪನ್ನು ಒಣ ಬ್ರಶ್ಶಿನಿಂದ ತಿಕ್ಕಿ ಉದುರಿಸಿ. ಪೈಪ್ ಹಿಡಿದು ತೊಳೆಯಬೇಡಿ, ತೊಳೆದರೆ ಉಪ್ಪು ಕರಗಿ ವಾಪಸ್ ಒಳಗೆ ಹೋಗುತ್ತದೆ. ಟೊಳ್ಳು ಸದ್ದು ಬರುವಷ್ಟೂ ಗಿಲಾವ್ ಕೆತ್ತಿಸಿ, ಕಣ್ಣಿಗೆ ಕಾಣುವುದಕ್ಕಿಂತ ಒಂದಡಿ ಮೇಲಿನವರೆಗೂ ಕೆತ್ತಿಸಿ. ಹೊಸ ಗಿಲಾವ್ 1:4, ಅಂದರೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು, ಅದಕ್ಕೆ ವಾಟರ್‌ಪ್ರೂಫಿಂಗ್ ಕಾಂಪೌಂಡ್, ಸಿಹಿ ನೀರು. ಒಂದು ಟ್ಯಾಂಕರ್ ತರಿಸಿದರೂ ನಷ್ಟ ಇಲ್ಲ. ಕನಿಷ್ಠ 7 ದಿನ ನೀರು ಉಣಿಸಿ. ಆಮೇಲೆ ಆರಲು ಬಿಡಿ. ಗಿಲಾವ್ ಮಾಡಿದ ದಿನದಿಂದ ಲೆಕ್ಕ ಹಾಕಿ ಕನಿಷ್ಠ 28 ದಿನ ಬಣ್ಣದ ಡಬ್ಬಿ ತೆಗೆಯಬೇಡಿ. ಹೊಸ ಸಿಮೆಂಟಿನಲ್ಲಿ ಕ್ಷಾರ ಜಾಸ್ತಿ, ಅದು ಬಣ್ಣವನ್ನು ಕಡಿಯುತ್ತದೆ.

ಈ 28 ದಿನದ ಪಾಠವನ್ನು ನಾನು ಕಲಿತದ್ದು ನನ್ನ ಮನೆಯಲ್ಲೇ. ದೀಪಾವಳಿ ಹತ್ತಿರ ಬಂತು ಅಂತ, ಗಿಲಾವ್ ದುರಸ್ತಿ ಮಾಡಿಸಿ ಎರಡೇ ವಾರಕ್ಕೆ ಬಣ್ಣ ಹಚ್ಚಿಸಿದೆ. ಪೇಂಟರ್ ಬೇಡ ಅಂದರು, ನಾನೇ ಅವಸರ ಮಾಡಿದೆ. ಹಬ್ಬಕ್ಕೆ ಗೋಡೆ ಚಂದ ಕಂಡಿತು. ಸಂಕ್ರಾಂತಿ ಹೊತ್ತಿಗೆ ಪೂರಿ ಉಬ್ಬಿದ ಹಾಗೆ ಗುಳ್ಳೆ ಎದ್ದಿತ್ತು. ಊರಿಗೆಲ್ಲ ಬುದ್ಧಿ ಹೇಳುವವನ ಮನೆ ನೋಡಿ ಅಂತ ಹೆಂಡತಿ ಇವತ್ತಿಗೂ ನಗುತ್ತಾಳೆ.

ಈಗ ದಿನ ಎಣಿಸಿದರೂ ಸಾಲದು, ಇದನ್ನೂ ಮಾಡುತ್ತೇನೆ. ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಒಂದು ದಿನ ಬಿಡಿ. ತೆಗೆಯುವಾಗ ಒಳಬದಿಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಹಸಿ. ಕಾಯಿರಿ.

ಕೊನೆಗೆ ನಿಮ್ಮ ಪ್ರಶ್ನೆ, ಯಾವ ಬಣ್ಣ? ಹೆಸರಿರುವ ಯಾವುದೇ ಕಂಪನಿಯ ಹೊರಗೋಡೆಯ ಅಕ್ರಿಲಿಕ್ ಎಮಲ್ಷನ್ ಸಾಕು. ಹೊರಗೋಡೆಯ ಪ್ರೈಮರ್ ಒಂದು ಕೋಟು, ಬಣ್ಣ ಎರಡು ಕೋಟು. ಹೊರಗೆ ಪುಟ್ಟಿ ಬೇಡ ಅಂತ ನನ್ನ ಅಭಿಪ್ರಾಯ. ಕನ್ನಡಿಯಂಥ ಗೋಡೆ ಬೀದಿಯಲ್ಲಿ ಯಾರಿಗೆ ಬೇಕು? ಬೇಕೇ ಬೇಕು ಅಂದರೆ ಬಿಳಿ ಸಿಮೆಂಟಿನ ಪುಟ್ಟಿ ಮಾತ್ರ. ರಬ್ಬರಿನಂತೆ ಹಿಗ್ಗುವ, ಡ್ಯಾಂಪ್ ಪ್ರೂಫ್ ಅಂತ ಮಾರುವ ಬಣ್ಣ ಹೊರಗಿನ ಮಳೆಯನ್ನು ತಡೆಯುತ್ತದೆ. ಗೋಡೆ ಹಿಂದಿನಿಂದ ಬರುವ ನೀರಿಗೂ ಉಪ್ಪಿಗೂ ಅದು ಉತ್ತರ ಅಲ್ಲ. ವಾರಂಟಿ ಕಾಗದ ಇದ್ದರೆ ಸಣ್ಣಕ್ಷರ ಓದಿ. ನೀರು ಜಿನುಗಿ ಕೆಟ್ಟದ್ದನ್ನು ಸಾಮಾನ್ಯವಾಗಿ ಅದರಿಂದ ಹೊರಗಿಟ್ಟಿರುತ್ತಾರೆ.

ಮಗಳ ಮದುವೆ ಮೇ ಕೊನೆಗೆ ಇದೆ. ಅಷ್ಟರೊಳಗೆ ಬಣ್ಣ ಆಗಬೇಕು. ಮುಂದಿನ ಗೋಡೆಗೆ ಗಾಢ ನೇರಳೆ ಬೇಕು ಅಂತ ಮಕ್ಕಳ ಆಸೆ. ಬಿಸಿಲಿಗೆ ನಿಲ್ಲುತ್ತಾ?
– ಒಬ್ಬ ಓದುಗರು, ಬೀದರ್

ಹುಡುಗಿ ಮನೆಯವರಿಗೆ ಬಣ್ಣ ಬೇಡ ಅನ್ನೋಕಾಗುತ್ತಾ! ಆದರೆ ಸಾಧ್ಯ ಇದ್ದರೆ ಈ ನವೆಂಬರಿನಿಂದ ಫೆಬ್ರುವರಿ ಒಳಗೇ ಮುಗಿಸಿಬಿಡಿ. ಮದುವೆ ಹೊತ್ತಿಗೆ ಧೂಳು ತೊಳೆದರೆ ಸಾಕು.

ಬೇಸಿಗೆಯಲ್ಲೇ ಹಚ್ಚಬೇಕು ಅಂದರೆ ನೆರಳಿನ ಹಿಂದೆ ಹೋಗಿ. ಕಾದ ಗೋಡೆಗೆ ಎಮಲ್ಷನ್ ತಾಗಿದ ಕೂಡಲೇ ನೀರು ಹಾರಿಹೋಗುತ್ತದೆ, ಬಣ್ಣದ ಕಣಗಳು ಒಂದಕ್ಕೊಂದು ಬೆಸೆಯಲು ಹೊತ್ತೇ ಸಿಗೋದಿಲ್ಲ. ಒಂದು ಪಟ್ಟಿ ಇನ್ನೊಂದಕ್ಕೆ ಕೂಡಿದ ಕಡೆ ಬ್ರಶ್ಶಿನ ಗುರುತುಗಳೂ ಹಾಗೇ ಉಳಿಯುತ್ತವೆ. ಬೆಳಿಗ್ಗೆ ಪಶ್ಚಿಮದ ಗೋಡೆ, ಸಂಜೆ ಮುಂದೆ ಪೂರ್ವದ ಗೋಡೆ. ಇನ್ನೊಂದು ವಿಷಯ ಪೇಂಟರುಗಳಿಗೂ ಹೊಳೆಯೋದಿಲ್ಲ. ನಮ್ಮ ಭಾಗದಲ್ಲಿ ಮೇ ತಿಂಗಳ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಹಾಗಾಗಿ ದಕ್ಷಿಣದ ಗೋಡೆಗೆ ಆಗ ಬಿಸಿಲು ಕಡಿಮೆ. ಅದೇ ಗೋಡೆ ಡಿಸೆಂಬರಿನಲ್ಲಿ ದಿನವಿಡೀ ಕಾಯುತ್ತದೆ.

ನೇರಳೆಗೆ ನನ್ನ ಉತ್ತರ: ಬೇಡ. ನೇರಳೆ, ಕಡು ಗುಲಾಬಿ, ಕಣ್ಣು ಕುಕ್ಕುವ ಕಿತ್ತಳೆ ಬಿಸಿಲಿಗೆ ಬೇಗ ಮಂಕಾಗುವ ಪೈಕಿ. ಕೆಮ್ಮಣ್ಣು, ಕಾವಿ, ಅರಿಶಿನ ಮಣ್ಣಿನ ಹಳದಿ, ಇಟ್ಟಿಗೆ ಬಣ್ಣ ಇವೆಲ್ಲ ಕಬ್ಬಿಣದ ಆಕ್ಸೈಡಿನ ಬಣ್ಣಗಳು, ಬಿಸಿಲಿಗೆ ಬಗ್ಗೋದಿಲ್ಲ. ಬೀದರಿನ ಕೆಂಪು ಮಣ್ಣಿಗೂ ಅದೇ ಕಬ್ಬಿಣದ ಬಣ್ಣ. ನಿಮ್ಮೂರಲ್ಲೇ ಮಹಮೂದ್ ಗವಾನ್ ಮದರಸಾದ ಗೋಡೆಯಲ್ಲಿ ನೀಲಿ, ಹಸಿರು ಹಂಚುಗಳು ಇನ್ನೂ ಹೊಳೆಯುತ್ತವೆ, ಅದು 1472ರ ಕಟ್ಟಡ. ಹಾಗಾದರೆ ನೀಲಿ ಹೇಗೆ ನಿಂತಿತು ಅಂತ ಕೇಳಬಹುದು. ಅಲ್ಲಿ ಬಣ್ಣವನ್ನು ಗಾಜಿನ ಪದರದಲ್ಲಿ ಬೇಯಿಸಿದ್ದಾರೆ, ನಮ್ಮದು ಡಬ್ಬಿಯ ಬಣ್ಣ.

ಮಕ್ಕಳ ಮನಸ್ಸು ಮುರಿಯಬೇಡಿ. ಪೋರ್ಟಿಕೊ ಒಳಗೆ, ಬಿಸಿಲು ಬೀಳದ ಗೋಡೆಗೆ ನೇರಳೆ ಕೊಡಿ. ಉಳಿದದ್ದಕ್ಕೆ ತಿಳಿ ಬಣ್ಣ ಹಚ್ಚಿದರೆ ಮನೆ ಒಳಗೂ ಕಾವು ಕಡಿಮೆ. ಬಣ್ಣದ ಕಾರ್ಡ್ ನೋಡಿ ತೀರ್ಮಾನ ಮಾಡಬೇಡಿ. ಚಿಕ್ಕ ಡಬ್ಬಿ ತಂದು ಗೋಡೆ ಮೇಲೆ ಮೂರಡಿ ಚೌಕ ಹಚ್ಚಿ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ನೋಡಿ.

ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೋಗಿದೆ. ಪ್ರತಿ ಸಲ ತುಂಬಿಸಿ ಬಣ್ಣ ಹಚ್ಚುತ್ತೇವೆ, ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಬಿರುಕು ಮುಚ್ಚುವ ಬಣ್ಣ ಯಾವುದು?
– ಒಬ್ಬ ಓದುಗರು, ಜೇವರ್ಗಿ

ನಿಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಹೊಲದಲ್ಲಿ ಬಾಯಿ ಬಿಡುವ ಮಣ್ಣೇ ಮನೆ ಕೆಳಗೂ ಇರೋದು. ಗಿಲಾವಿನ ಕೂದಲೆಳೆ ಬಿರುಕನ್ನು ಹಿಗ್ಗುವ ಬಣ್ಣ ಮುಚ್ಚುತ್ತದೆ. ಋತುವಿಗೆ ತಕ್ಕ ಹಾಗೆ ತೆರೆದು ಮುಚ್ಚುವ ಓರೆ ಬಿರುಕನ್ನು ಯಾವ ಬಣ್ಣವೂ ಮುಚ್ಚೋದಿಲ್ಲ. ಪೇಂಟರ್ ಬಿಟ್ಟು ಸಿವಿಲ್ ಇಂಜಿನಿಯರನ್ನು ಕರೆಸಿ, ಪಾಯ ತೋರಿಸಿ. ಅಷ್ಟರಲ್ಲಿ ಮನೆ ಸುತ್ತ ಮೂರಡಿ ಅಗಲ ಫರ್ಸಿ ಕಲ್ಲು ಹಾಸಿ, ಹೊರಗೆ ಇಳಿಜಾರು ಕೊಟ್ಟು, ಸಂದು ಮುಚ್ಚಿ. ಪಾಯದ ಹತ್ತಿರ ಮಳೆನೀರು ಇಳಿಯಬಾರದು. ಶಹಾಬಾದ್ ಕಲ್ಲು ನಮ್ಮಲ್ಲಿ ಸಿಗದ ವಸ್ತುವೇನಲ್ಲ.

ನಮ್ಮದು ಅಜ್ಜನ ಕಾಲದ ಮಾಳಿಗೆ ಮನೆ. ಕಲ್ಲು ಮಣ್ಣಿನ ಗೋಡೆ, ವರ್ಷಾ ವರ್ಷ ಸುಣ್ಣ ಹಚ್ಚುತ್ತೇವೆ. ಮಗ ಬೆಂಗಳೂರಿನಿಂದ ಬಂದು ಪ್ಲಾಸ್ಟಿಕ್ ಪೇಂಟ್ ಹಚ್ಚಿಸೋಣ, ಹತ್ತು ವರ್ಷ ಚಿಂತೆ ಇಲ್ಲ ಅನ್ನುತ್ತಾನೆ. ಏನು ಮಾಡಲಿ?
– ಒಬ್ಬ ತಾಯಿ, ಶಹಾಪುರ, ಯಾದಗಿರಿ ಜಿಲ್ಲೆ

ತಾಯಿ, ಸುಣ್ಣವೇ ಇರಲಿ. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಕುಡಿದು ಬಿಸಿಲಿಗೆ ಬಿಟ್ಟುಕೊಡುತ್ತದೆ. ಸುಣ್ಣ ಅದಕ್ಕೆ ಅಡ್ಡ ಬರೋದಿಲ್ಲ. ಪ್ಲಾಸ್ಟಿಕ್ ಪೇಂಟ್ ಅಡ್ಡ ನಿಲ್ಲುತ್ತದೆ, ಒಳಗಿನ ತೇವ ಅದನ್ನು ನೂಕಿ ಹಾಳೆ ಹಾಳೆಯಾಗಿ ಕಿತ್ತು ಹಾಕುತ್ತದೆ. ಬರುವಾಗ ಹಳೆ ಸುಣ್ಣ, ಮಣ್ಣು ಎಲ್ಲ ಹೊತ್ತುಕೊಂಡು ಬರುತ್ತದೆ. ಆಯಿಲ್ ಪೇಂಟ್ ಅಂತೂ ಇನ್ನೂ ಕೆಟ್ಟದ್ದು.

ಮಗನಿಗೆ ಒಂದು ಕೆಲಸ ಹೇಳಿ. ಸುಣ್ಣದ ಹರಳು ತಂದು ಕಬ್ಬಿಣದ ಡ್ರಮ್ಮಿನಲ್ಲಿ ಅರಳಿಸಲಿ. ಪ್ಲಾಸ್ಟಿಕ್ ಬಕೆಟ್ ಬೇಡ, ಸುಣ್ಣ ಕುದಿಯುತ್ತದೆ. ನೀರಿಗೆ ಹರಳು ಹಾಕಬೇಕು, ಹರಳಿನ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕ ಇರಲಿ, ಮೊಮ್ಮಕ್ಕಳು ದೂರ ಇರಲಿ. ಒಂದೆರಡು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿ. ಒಂದು ಕಿಲೋ ಸುಣ್ಣಕ್ಕೆ ಸುಮಾರು ಐದು ಲೀಟರ್ ನೀರು. ಕೈಗೆ ಬಿಳಿ ಹತ್ತದಿರಲು ಸ್ವಲ್ಪ ಅಂಟು, ಬೆಳ್ಳಗೆ ಕಾಣಲು ಚಿಟಿಕೆ ನೀಲಿ. ಹಚ್ಚುವ ಮುಂಚೆ ಗೋಡೆಗೆ ನೀರು ಚಿಮುಕಿಸಿ. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಮೂರು ಸಲ ಒಳ್ಳೆಯದು. ಹಚ್ಚಿದಾಗ ಮಂಕಾಗಿ ಕಂಡರೆ ಗಾಬರಿ ಬೇಡ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿದು ಮತ್ತೆ ಸುಣ್ಣಕಲ್ಲಾಗುತ್ತದೆ, ಒಣಗಿದ ಹಾಗೆ ಬೆಳ್ಳಗಾಗುತ್ತದೆ.

ಕಾಂಪೌಂಡ್ ಗೋಡೆಗೆ ಸಿಮೆಂಟ್ ಪೇಂಟ್ ಸಾಕಾ? ಮನೆ 24x34 ಅಡಿ, ಪ್ಯಾರಾಪೆಟ್ ಸೇರಿ ಎತ್ತರ 14 ಅಡಿ. ಮನೆಗೆ 40 ಲೀಟರ್ ಎಮಲ್ಷನ್ ಬೇಕು ಅಂತ ಪೇಂಟರ್ ಹೇಳುತ್ತಾರೆ, ಸರಿಯಾ?
– ಒಬ್ಬ ಓದುಗರು, ಯಾದಗಿರಿ

ಸಿಮೆಂಟ್ ಪೇಂಟ್ ಸಾಕು, ಗೋಡೆಗೆ ಮೊದಲು ಎಮಲ್ಷನ್ ಹಚ್ಚಿಲ್ಲದಿದ್ದರೆ. ಎಮಲ್ಷನ್ ಮೇಲೆ ಅದು ಹಿಡಿಯೋದಿಲ್ಲ. ಕಲಸಿದ್ದನ್ನು ಗಂಟೆಯೊಳಗೆ ಮುಗಿಸಬೇಕು, ಹಚ್ಚಿದ ಮೇಲೆ ನೀರು ಚಿಮುಕಿಸಬೇಕು. ನೀರು ಕೊಡದೆ ಬಿಟ್ಟ ಸಿಮೆಂಟ್ ಪೇಂಟ್ ಅಂಗಿಗೆ ಹತ್ತುತ್ತದೆ.

ಲೀಟರ್ ಲೆಕ್ಕ ನೀವೇ ಹಾಕಿ. ಸುತ್ತಳತೆ 116 ಅಡಿ, ಎತ್ತರ 14, ಒಟ್ಟು 1,624 ಚದರ ಅಡಿ. ಬಾಗಿಲು ಕಿಟಕಿಗೆ 150 ಕಳೆಯಿರಿ, 1,474 ಉಳಿಯಿತು. ಎರಡು ಕೋಟು ಹಚ್ಚಲು ಲೀಟರಿಗೆ 50 ಚದರ ಅಡಿ ಅಂತ ಹಿಡಿದರೆ 30 ಲೀಟರ್. 20ರದ್ದು ಒಂದು, 10ರದ್ದು ಒಂದು. ಗೋಡೆ ಬಹಳ ಒರಟಾಗಿದ್ದರೆ ಸ್ವಲ್ಪ ಜಾಸ್ತಿ ಹೋಗಬಹುದು, ಆಗ ನಾಲ್ಕು ಲೀಟರ್ ಆಮೇಲೆ ತಂದರಾಯಿತು. ನೀರು ಡಬ್ಬಿ ಮೇಲೆ ಬರೆದಷ್ಟೇ ಬೆರೆಸಲಿ, ನೀವು ಎದುರಿಗೆ ನಿಂತಿರಿ. ಎರಡೂ ಡಬ್ಬಿಯ ಬಣ್ಣವನ್ನು ದೊಡ್ಡ ಡ್ರಮ್ಮಿನಲ್ಲಿ ಒಟ್ಟಿಗೆ ಕಲಸಿಕೊಂಡರೆ ಛಾಯೆ ಬೇರೆ ಆಗೋದಿಲ್ಲ. ಡಬ್ಬಿ ಮುಚ್ಚಳದ ಮೇಲಿನ ಬಣ್ಣದ ಕೋಡ್ ಎಲ್ಲಾದರೂ ಬರೆದಿಡಿ, ಮುಂದೆ ತೇಪೆ ಹಚ್ಚುವಾಗ ಬೇಕಾಗುತ್ತದೆ. ನನ್ನದು ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ಪೆನ್ಸಿಲಿನಲ್ಲಿ ಬರೆದಿದೆ.