ನಾರ್ವೆಯ ಬೆಟ್ಟದ ಹಳದಿ ಹೂವು ಸಾಸಿವೆಯ ಬಳಗದ್ದೇ?

ಮಗಳು ನಾರ್ವೆಯ ಬೆಟ್ಟದಿಂದ ಕಳುಹಿಸಿದ ಹಳದಿ ಹೂವಿನ ಗಿಡ ಸಾಸಿವೆಯ ಜಾತಿಯದೇ, ಬೀಜ ತರಿಸಿದರೆ ಉಡುಪಿಯಲ್ಲಿ ಬೆಳೆಯುತ್ತದೆಯೇ ಎಂದು ಕೇಳಿದ್ದೀರಿ.

ನೀವು ಬರೆದ ಲಕ್ಷಣಗಳು ಸಾಸಿವೆ ಕುಟುಂಬಕ್ಕೇ ಸೇರಿದ ಡ್ರಾಬಾ ಅಲ್ಪೈನಾ ಎಂಬ ಗಿಡಕ್ಕೆ ಹೊಂದುತ್ತವೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಹೆಸರಿಟ್ಟ ಗಿಡವಿದು. ಆದರೆ ಆ ಕಡೆ ಹಳದಿ ಹೂವಿನ ಬೇರೆ ಗಿಡಗಳೂ ಇವೆ. ಆದ್ದರಿಂದ ಚಿತ್ರವನ್ನು ಹಿಗ್ಗಿಸಿ ಎಸಳುಗಳನ್ನು ಎಣಿಸಿ. ನಾಲ್ಕು ಎಸಳು ಶಿಲುಬೆಯಂತೆ ಹರಡಿದ್ದು, ಆರು ಕೇಸರಗಳಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ ಇದ್ದರೆ ಸಾಸಿವೆ ಕುಟುಂಬವೆನ್ನಬಹುದು. ಐದು ಎಸಳು, ತುಂಬ ಕೇಸರಗಳಿದ್ದರೆ ಅದು ರನನ್‌ಕ್ಯುಲಸ್, ಅಂದರೆ ಬಟರ್‌ಕಪ್ ಬಳಗದ ಗಿಡ ಇರಬಹುದು.

ಅನಂತರ ಕಾಯಿ ನೋಡಿ. ನನಗೆ ಹೆಚ್ಚು ನಂಬಿಕೆ ಕಾಯಿಯ ಮೇಲೆಯೇ. ನಮ್ಮ ಅಡುಗೆಯ ಸಾಸಿವೆಯದು ಸಪೂರವಾದ ಉದ್ದ ಕಾಯಿ. ಡ್ರಾಬಾದ್ದು ಗಿಡ್ಡ, ಚಪ್ಪಟೆ, ಮೊಟ್ಟೆಯಾಕಾರ. ಕಾಯಿಯನ್ನು ಎರಡು ಭಾಗ ಮಾಡುವ ಒಳಗಿನ ತೆಳು ಪೊರೆ ಎರಡರಲ್ಲೂ ಇದೆ. ಡ್ರಾಬಾದ ರೋಮವಿರುವ ಎಲೆಗಳು ನೆಲಕ್ಕಂಟಿ ವೃತ್ತಾಕಾರದಲ್ಲಿರುತ್ತವೆ. ಹೂವಿನ ದಂಟಿನಲ್ಲಿ ಸಾಮಾನ್ಯವಾಗಿ ಎಲೆಯಿರುವುದಿಲ್ಲ. ಗಾಳಿ, ಚಳಿಗೆ ಹೀಗೆ ತಗ್ಗಿ ಬೆಳೆಯುವುದೇ ಲಾಭ. ಈ ಚಿಕ್ಕ ಗಿಡದ ಗಟ್ಟಿತನ ಕಂಡಾಗಲೆಲ್ಲ ನನಗೆ ಗೌರವ ಹುಟ್ಟುತ್ತದೆ.

ಬೀಜ ತರಿಸಬೇಡಿ. ಕರಾವಳಿಯ ಸೆಕೆ, ಮಳೆಗಾಲದ ತೇವ ಅದಕ್ಕೆ ಆಗದು. ಬದಲಿಗೆ ದೀಪಾವಳಿಯ ಬಳಿಕ ಕುಂಡದಲ್ಲಿ ಅಂಗಡಿಯ ಸಾಸಿವೆಯನ್ನೇ ಬಿತ್ತಿ; ಅದೇ ನಾಲ್ಕು ಎಸಳು, ಆರು ಕೇಸರಗಳನ್ನು ಕೈಯಲ್ಲೇ ಹಿಡಿದು ನೋಡಬಹುದು. ಕಾಯಿಯ ಚಿತ್ರವಿದ್ದರೆ ಇಲ್ಲಿ ಹಾಕಿ.